ಬಿಸ್ಕತ್ತಿನ ಗೋಡೆ, ಸಕ್ಕರೆಯ ಗಾರೆ

ನಮ್ಮ ಶಾಲೆಯಲ್ಲಿ ಕಲಿತು, ಈಗ ನಾರ್ವೆ ದೇಶದ ಬೆರ್ಗೆನ್ ಪಟ್ಟಣದಲ್ಲಿ ಉನ್ನತ ವ್ಯಾಸಂಗ ನಡೆಸುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ಕ್ರಿಸ್‌ಮಸ್ ಸಮಯದಲ್ಲಿ ಒಂದು ಛಾಯಾಚಿತ್ರವನ್ನು ಕಳುಹಿಸಿದ್ದಳು. ಗೇಣೆತ್ತರದ ಒಂದು ಮನೆ. ಗೋಡೆಗಳು ಬಿಸ್ಕತ್ತಿನವು, ಮಾಡಿಗೆ ಹೊದಿಸಿದ್ದು ಬಣ್ಣಬಣ್ಣದ ಮಿಠಾಯಿ. “ಇದು ತಿನ್ನುವುದಕ್ಕೋ, ನೋಡುವುದಕ್ಕೋ ಮಾಸ್ಟ್ರೇ?” ಎಂದು ಏಳನೆಯ ತರಗತಿಯ ಬಾಲಕರು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ, ದಾರಿ ತಪ್ಪಿದ ಅಣ್ಣತಂಗಿಯರಿಗೆ ಕಾಡಿನ ನಡುವೆ ರೊಟ್ಟಿಯ ಮನೆಯೊಂದು ಕಾಣಿಸುವುದು. ಅದರ ಕಿಟಿಕಿಗಳು ಸಕ್ಕರೆಯವು. ಅಂತಹ ಮನೆಗಳನ್ನು ಕ್ರಿಸ್‌ಮಸ್ಸಿಗೆ ಕಟ್ಟುವ ರೂಢಿ ಆ ಬಳಿಕ ಬಹುವಾಗಿ ಹಬ್ಬಿತು. ನಾರ್ವೆಯವರು ಈ ಬಿಸ್ಕತ್ತನ್ನು ‘ಪೆಪ್ಪರ್‌ಕಾಕೆ’ ಎನ್ನುವರು. ಮೆಣಸಿನ ಭಕ್ಷ್ಯವೆಂದು ಅರ್ಥ. ಶುಂಠಿ, ದಾಲ್ಚಿನ್ನಿ, ಲವಂಗಗಳೊಡನೆ ನಾವು ಒಳ್ಳೆಮೆಣಸೆನ್ನುವ ಕಾಳನ್ನೂ ಅದಕ್ಕೆ ಹಾಕುವುದುಂಟು. ಆ ಬಳ್ಳಿಯ ತವರು ನಮ್ಮ ಈ ಪಶ್ಚಿಮಘಟ್ಟವೇ!

ಬೆರ್ಗೆನ್ನಿನಲ್ಲಿ 1991ರಿಂದ ಇಂತಹ ಮನೆಗಳ ಇಡೀ ಊರನ್ನೇ ಪ್ರದರ್ಶಿಸುತ್ತ ಬಂದಿದ್ದಾರೆ. ಹೆಚ್ಚಿನವನ್ನು ಶಾಲೆ, ಶಿಶುವಿಹಾರಗಳ ಮಕ್ಕಳೇ ಮಾಡಿಕೊಡುವರು. 2009ರ ನವೆಂಬರಿನಲ್ಲಿ ಒಬ್ಬಾತನು ಅದನ್ನು ಧ್ವಂಸಮಾಡಿದನು. ಪಟ್ಟಣದವರು ಹೊಸದಾಗಿ ಮನೆಗಳನ್ನು ಬೇಯಿಸಿ ತಂದು ಆ ವರ್ಷವೇ ಊರನ್ನು ಮರಳಿ ನಿಲ್ಲಿಸಿದರು.

ಇನ್ನು ಕಟ್ಟುವ ಕ್ರಮ. ಗೋಡೆ, ಮಾಡುಗಳ ಆಕಾರವನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಅದೇ ಅಳತೆಗೆ ಕಣಕವನ್ನು ಕೊಯ್ದು ಬೇಯಿಸಬೇಕು. ಬೇಯುವಾಗ ಕಣಕವು ಹರಡುವುದರಿಂದ, ಬಿಸಿ ಆರುವ ಮುನ್ನವೇ ಅಂಚುಗಳನ್ನು ನೇರಮಾಡಬೇಕು. ಆರಿದ ಮೇಲೆ ಕೊಯ್ದರೆ ಒಡೆಯುವುದು. ಕಿಟಿಕಿಯ ತೂತಿನಲ್ಲಿ ಮಿಠಾಯಿಯ ಚೂರುಗಳನ್ನಿಟ್ಟು ಕಾಯಿಸಿದರೆ ಅವು ಕರಗಿ ಗಾಜಾಗುವುವು. ಗಾರೆಯೆಂದರೆ ಕೋಳಿಮೊಟ್ಟೆಯ ಬಿಳಿಯ ಲೋಳೆಯಲ್ಲಿ ಕಲಸಿದ ನುಣುಪಾದ ಸಕ್ಕರೆಪುಡಿ. (ಮೊಟ್ಟೆ ಮುಟ್ಟದವರು ಲಿಂಬೆರಸದಲ್ಲಿ ಕಲಸಬಹುದು, ಹಿಡಿತ ಮಾತ್ರ ಕಡಮೆ.) ನಮ್ಮ ಮಳೆಗಾಲಕ್ಕೆ ಈ ಮನೆ ಸಲ್ಲದು. ಸಕ್ಕರೆಯು ಗಾಳಿಯ ತೇವವನ್ನು ಹೀರುವುದರಿಂದ, ಆಷಾಢದಲ್ಲಿ ಬೆಲ್ಲದ ಮಿಠಾಯಿ ಜಿನುಗುವಂತೆ, ಗೋಡೆಯೂ ಮೆತ್ತಗಾಗಿ ಬಾಗುವುದು.

ಗಾರೆ ಬಿಗಿಯುವ ತನಕ ನಾಲ್ಕು ಗೋಡೆಗಳನ್ನೂ ಅಲುಗದಂತೆ ಹಿಡಿದಿರಬೇಕು. ಒಬ್ಬರಿಗಿರುವುದು ಎರಡೇ ಕೈ. ಡಿಸೆಂಬರಿನಲ್ಲಿ ಅಲ್ಲಿ ಅಪರಾಹ್ಣ ಮೂರೂವರೆಗೆಲ್ಲ ಸೂರ್ಯಾಸ್ತ. ಪರಿಚಿತರಿಲ್ಲದೆ ಕೋಣೆಯೊಳಗೇ ಉಳಿದಿದ್ದ ನಮ್ಮ ಹುಡುಗಿಯನ್ನು ನೆರೆಕೋಣೆಯವರು ಕರೆದದ್ದು, ಗೋಡೆ ಹಿಡಿಯಲು ಜನ ಸಾಲದೆಂದು! ಮೊದಲ ಸಲ ಇವರು ಅವಸರದಿಂದ ಮಾಡಿಡಲು ಹೋಗಿ, ಅದು ಜಾರಿ ಬಿದ್ದಿತು. ಬಿದ್ದುದನ್ನು ತಿಂದರು, ನಕ್ಕರು, ಪುನಃ ಬೇಯಿಸಿದರು. ಎರಡನೆಯ ಮನೆ ಯಾರದೆಂಬ ಮಾತು ಬಂದಾಗ ಅವಳು ತನ್ನ ಮನೆಯದೇ ಆಗಲೆಂದಳು. ಹಂಚಿಗೆ ಕೆಂಪು ಮಿಠಾಯಿ, ಅಂಗಳದಲ್ಲಿ ಹಸುರು ಮಿಠಾಯಿಯ ತುಳಸಿಕಟ್ಟೆ. ಆದರೆ ಜಗಲಿಗೆ ಮೆಟ್ಟಿಲುಗಳೆಷ್ಟೆಂಬುದು ಎಷ್ಟು ಯೋಚಿಸಿದರೂ ನೆನಪಾಗದೆ ತಾಯಿಗೆ ಫೋನು ಮಾಡಿದಳಂತೆ. ಇಪ್ಪತ್ತೈದು ವರ್ಷಗಳಿಂದ ಅವನ್ನು ಹತ್ತಿಳಿಯುತ್ತಿರುವ ತಾಯಿಯೂ ಹೊರಗೆ ಹೋಗಿ ಎಣಿಸಿ ಬಂದೇ ಹೇಳಬೇಕಾಯಿತು: ಐದು.