ಸುರಂಗ ಹಳೆಯದು, ರೈಲು ಹೊಸದು: ಟೋಕಿಯೊದ ಗಿಂಜಾ ಮಾರ್ಗದಲ್ಲಿ ಚಕ್ರವನ್ನೇ ತಿರುಗಿಸಿದ ಕಥೆ

ಟೋಕಿಯೊದ ಗಿಂಜಾ ಮಾರ್ಗದಲ್ಲಿ ಓಡುವ ಹಳದಿ ರೈಲಿನ ಫೋಟೊ ನೋಡಿದವರೆಲ್ಲ ಮೊದಲು ಮಾತಾಡುವುದು ಅದರ ಬಣ್ಣದ ಬಗ್ಗೆಯೇ. 2012ರ ಏಪ್ರಿಲ್‌ನಲ್ಲಿ ಟೋಕಿಯೊ ಮೆಟ್ರೊ ಸಂಸ್ಥೆ ಹಳಿಗಿಳಿಸಿದ ಈ 1000 ಸರಣಿಯ ರೈಲು, 1927ರಲ್ಲಿ ಇದೇ ಮಾರ್ಗದಲ್ಲಿ ಓಡಿದ ಮೊಟ್ಟಮೊದಲ ರೈಲಿನ ರೂಪವನ್ನೇ ಹೊತ್ತು ಬಂತು. ಹೆಸರೂ ಅದೇ, ಹಳದಿಯೂ ಅದೇ. ಹಳೆ ನೆನಪಿಗೆ ಹೊಸ ಪೇಂಟು ಹೊಡೆದಿದ್ದಾರೆ ಅಷ್ಟೇ ಅಂತ ಅನ್ನಿಸಬಹುದು. ಆದರೆ ಈ ರೈಲಿನಲ್ಲಿ ನಿಜಕ್ಕೂ ನೋಡಬೇಕಾದ್ದು ಪ್ರಯಾಣಿಕರ ಕಣ್ಣಿಗೆ ಬೀಳದ ಜಾಗದಲ್ಲಿ, ಬೋಗಿಯ ಅಡಿಯಲ್ಲಿದೆ.

ಅದು ಯಾಕೆ ಅಂತ ತಿಳಿಯಲು ಸುರಂಗದಿಂದಲೇ ಶುರು ಮಾಡಬೇಕು. 1927ರ ಡಿಸೆಂಬರ್ 30ರಂದು ಉಯೆನೊದಿಂದ ಅಸಕುಸಾವರೆಗೆ, ಬರೀ 2.2 ಕಿ.ಮೀ. ಉದ್ದದ ಸುರಂಗ ರೈಲು ಶುರುವಾಯಿತು. ಪ್ರಯಾಣಿಕರಿಗಾಗಿ ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಲಂಡನ್ನಿನ ಸುರಂಗ ರೈಲು ನೋಡಿ ಬಂದಿದ್ದ ಹಯಕಾವಾ ನೊರಿತ್ಸುಗು ಎಂಬ ಉದ್ಯಮಿಯ ಹಟದ ಫಲ ಅದು. ಆಗ ರಸ್ತೆಯನ್ನು ಮೇಲಿನಿಂದ ಅಗೆದು, ಪೆಟ್ಟಿಗೆಯಂತೆ ಸುರಂಗ ಕಟ್ಟಿ, ಮತ್ತೆ ಮುಚ್ಚುತ್ತಿದ್ದರು. ಅಗೆತ ಕಡಿಮೆಯಾದಷ್ಟೂ ಖರ್ಚು ಕಡಿಮೆ. ಹಾಗಾಗಿ ತಲೆಯ ಮೇಲೆ ತಂತಿ ಎಳೆಯದೆ, ಹಳಿಯ ಪಕ್ಕದಲ್ಲೇ ಮೂರನೇ ಹಳಿ ಹಾಕಿ 600 ವೋಲ್ಟ್ ವಿದ್ಯುತ್ ಕೊಟ್ಟರು. (ನಮ್ಮ ಮೆಟ್ರೊದಲ್ಲೂ ಮೂರನೇ ಹಳಿಯೇ ಇದೆ, 750 ವೋಲ್ಟ್.) ಸುರಂಗದ ಚಾವಣಿ ತಗ್ಗಾಯಿತು. ರಸ್ತೆ ತಿರುಗಿದಲ್ಲೆಲ್ಲ ಸುರಂಗವೂ ತಿರುಗಿತು.

ಆ ಉಳಿತಾಯದ ಬೆಲೆಯನ್ನು ಇವತ್ತಿಗೂ ತೆರುತ್ತಿದ್ದಾರೆ. ಟೋಕಿಯೊದ ಹೊಸ ಮಾರ್ಗಗಳಲ್ಲಿ 20 ಮೀಟರ್ ಉದ್ದದ ಹತ್ತು ಬೋಗಿಗಳ ರೈಲು ಓಡಿದರೆ, ಗಿಂಜಾದಲ್ಲಿ 16 ಮೀಟರಿನ ಆರೇ ಬೋಗಿ. ಅಗಲವೂ ಕಡಿಮೆ. ಸುಮಾರು 14 ಕಿ.ಮೀ. ದೂರ, 19 ನಿಲ್ದಾಣ, ದಾರಿಯುದ್ದಕ್ಕೂ ಅಂಗಡಿ ಬೀದಿ, ಕಚೇರಿ, ದೊಡ್ಡ ಜಂಕ್ಷನ್‌ಗಳು. ಜನ ಎಷ್ಟೇ ಹೆಚ್ಚಾದರೂ ರೈಲು ಹಿಗ್ಗುವಂತಿಲ್ಲ. ಬೆಂಗಳೂರಿನಲ್ಲಿ 2011ರಲ್ಲಿ ಮೂರು ಬೋಗಿಯಿಂದ ಶುರು ಮಾಡಿ 2018ರಲ್ಲಿ ಆರಕ್ಕೆ ಏರಿಸಲು ಆಗಿದ್ದು, ಪ್ಲಾಟ್‌ಫಾರ್ಮನ್ನು ಮೊದಲೇ ಆರು ಬೋಗಿಗೆ ಕಟ್ಟಿದ್ದರಿಂದ. ಗಿಂಜಾದವರಿಗೆ ಆ ಸವಲತ್ತು ಇಲ್ಲ. ದಟ್ಟಣೆಯ ಹೊತ್ತಿನಲ್ಲಿ ಎರಡು ನಿಮಿಷಕ್ಕೊಂದರಂತೆ ರೈಲು ಬಿಡುವುದು, ಒಂದಷ್ಟು ದೂರ ಪಕ್ಕದಲ್ಲೇ ಹನ್ಜೊಮೊನ್ ಅಂತ ಇನ್ನೊಂದು ಮಾರ್ಗ ಕಟ್ಟಿ ಜನರನ್ನು ಅತ್ತ ಹರಿಸುವುದು, ಇಂಥ ದಾರಿಗಳನ್ನೇ ಹುಡುಕಬೇಕಾಯಿತು.

ಹಾಗಾದರೆ ಹೊಸ ರೈಲು ತಂದು ಆದದ್ದೇನು?

ತಿರುವಿನಲ್ಲಿ ರೈಲು ಕಿರುಚುವುದನ್ನು ನೀವು ಕೇಳಿರುತ್ತೀರಿ. ಬೋಗಿಯ ಕೆಳಗಿನ ಚಕ್ರದ ಚೌಕಟ್ಟಿನಲ್ಲಿ ಎರಡು ಅಚ್ಚುಗಳಿರುತ್ತವೆ, ಸಾಮಾನ್ಯವಾಗಿ ಅವೆರಡೂ ಒಂದಕ್ಕೊಂದು ಸಮಾನಾಂತರವಾಗಿಯೇ ನಿಲ್ಲುತ್ತವೆ. ಹಳಿ ತಿರುಗಿದರೂ ಅಚ್ಚು ತಿರುಗುವುದಿಲ್ಲ. ಎತ್ತಿನ ಗಾಡಿಯನ್ನು ಸಣ್ಣ ಓಣಿಯಲ್ಲಿ ತಿರುಗಿಸಿದಂತೆ, ಚಕ್ರ ಉರುಳುವ ಜತೆಗೆ ಪಕ್ಕಕ್ಕೆ ಉಜ್ಜಿಕೊಳ್ಳುತ್ತಾ ಹೋಗುತ್ತದೆ. ಆ ಉಜ್ಜಾಟವೇ ಕಿರುಚಾಟ. ಚಕ್ರವೂ ಸವೆಯುತ್ತದೆ, ಹಳಿಯೂ ಸವೆಯುತ್ತದೆ. ತಗ್ಗು ಸುರಂಗದಲ್ಲಿ ಸದ್ದಿಗೆ ಹೋಗಲು ಜಾಗವಿಲ್ಲ, ಅದು ವಾಪಸು ಬೋಗಿಯೊಳಗೇ ಬರುತ್ತದೆ.

1000 ಸರಣಿಯಲ್ಲಿ ಎರಡು ಅಚ್ಚುಗಳ ಪೈಕಿ ಒಂದನ್ನು ತಿರುಗುವಂತೆ ಮಾಡಿದರು. ಇದಕ್ಕೆ ಕಂಪ್ಯೂಟರೂ ಬೇಕಿಲ್ಲ, ಮೋಟಾರೂ ಬೇಕಿಲ್ಲ. ತಿರುವಿನಲ್ಲಿ ಬೋಗಿಗೂ ಅದರ ಕೆಳಗಿನ ಚೌಕಟ್ಟಿಗೂ ನಡುವೆ ತಾನಾಗಿಯೇ ಒಂದು ಕೋನ ಏರ್ಪಡುತ್ತದಲ್ಲ, ಆ ಚಲನೆಯನ್ನೇ ಕಬ್ಬಿಣದ ಸರಳುಗಳ ಮೂಲಕ ಅಚ್ಚಿಗೆ ದಾಟಿಸುತ್ತಾರೆ. ತಿರುವು ಕಡಿದಾದಷ್ಟೂ ಅಚ್ಚು ಹೆಚ್ಚು ಹೊರಳುತ್ತದೆ. ಕೇಳಲು ಸರಳ. ಆದರೆ ಎರಡು ನಿಮಿಷಕ್ಕೊಂದು ರೈಲು ಓಡುವ ಕಡೆ, ಚಲಿಸುವ ಭಾಗಗಳನ್ನು ಹೆಚ್ಚಿಸಿ ನಂಬಿಕೊಳ್ಳುವುದು ಸಣ್ಣ ಧೈರ್ಯವಲ್ಲ. ಈ ರೈಲಿಗೆ 2013ರಲ್ಲಿ ಜಪಾನಿನ ರೈಲು ಅಭಿಮಾನಿಗಳ ಸಂಘ ಕೊಡುವ ಬ್ಲೂ ರಿಬನ್ ಪ್ರಶಸ್ತಿ ಬಂದಾಗ ಎಲ್ಲರೂ ಹಳದಿಯನ್ನೇ ಹೊಗಳಿರಬಹುದು. ನನಗೆ ಕೇಳಿದರೆ ಪ್ರಶಸ್ತಿ ಆ ಸರಳುಗಳಿಗೆ ಸಲ್ಲಬೇಕು.

ಇನ್ನೊಂದು ಸಂಗತಿ ಮೋಟಾರು. ಇದರ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತ ಇದೆ. ಸಾಮಾನ್ಯ ಮೋಟಾರಿನಲ್ಲಿ ಆ ಭಾಗಕ್ಕೆ ಕಾಂತಶಕ್ತಿ ಬರಿಸಲು ಸ್ವಲ್ಪ ವಿದ್ಯುತ್ ಶಾಖವಾಗಿ ಪೋಲಾಗುತ್ತದೆ, ಇಲ್ಲಿ ಆ ನಷ್ಟ ಇಲ್ಲ. ಬಯಲಲ್ಲಿ ಓಡುವ ರೈಲಿಗೆ ಇದು ಬರೀ ಕರೆಂಟ್ ಬಿಲ್ಲಿನ ಲೆಕ್ಕ. ಸುರಂಗದಲ್ಲಿ ಹಾಗಲ್ಲ, ಪೋಲಾದ ವಿದ್ಯುತ್ತೆಲ್ಲ ಸೆಕೆಯಾಗಿ ಅಲ್ಲೇ ಉಳಿಯುತ್ತದೆ. ಒಂದು ಕಾಲದಲ್ಲಿ ಈ ಮಾರ್ಗದ ರೈಲುಗಳಿಗೆ ಏಸಿ ಹಾಕಲೂ ಹಿಂಜರಿದಿದ್ದರು. ಬೋಗಿ ತಂಪಾದರೆ ಸುರಂಗ ಬಿಸಿಯಾಗುತ್ತದೆ ಅಂತ ನಿಲ್ದಾಣವನ್ನೂ ಸುರಂಗವನ್ನೂ ತಂಪು ಮಾಡಲು ಹೊರಟಿದ್ದರು. ಮೋಟಾರನ್ನು ಪೂರ್ತಿ ಮುಚ್ಚಿಡುವುದರಿಂದ ಸದ್ದೂ ಕಡಿಮೆ.

ನೆನಪಿನ ವಿಷಯಕ್ಕೂ ಒಂದಿಷ್ಟು ಜಾಗ ಕೊಡೋಣ. ಹಳೆಯ ರೈಲುಗಳಲ್ಲಿ ಒಂದು ವಿಚಿತ್ರ ಇತ್ತು. ಹಳಿ ಕವಲೊಡೆಯುವ ಕಡೆ ಮೂರನೇ ಹಳಿ ತುಂಡಾಗುತ್ತದೆ. ಅಲ್ಲಿ ವಿದ್ಯುತ್ ತಪ್ಪಿ ಬೋಗಿಯ ದೀಪಗಳೆಲ್ಲ ಕ್ಷಣಕಾಲ ಆರುತ್ತಿದ್ದವು, ಗೋಡೆಯ ಮೇಲಿನ ಪುಟ್ಟ ದೀಪ ಮಾತ್ರ ಹೊತ್ತಿಕೊಳ್ಳುತ್ತಿತ್ತು. 1984ರಲ್ಲಿ ಬಂದ 01 ಸರಣಿಯ ರೈಲಿನಲ್ಲಿ ಈ ತೊಂದರೆ ಇರಲಿಲ್ಲ. ಆದರೆ 1000 ಸರಣಿಯ ನಲವತ್ತು ರೈಲುಗಳ ಪೈಕಿ ಕೊನೆಯ ಎರಡರಲ್ಲಿ, ಆ ಕತ್ತಲನ್ನು ಬೇಕಂತಲೇ ಮರಳಿ ತರುವ ವ್ಯವಸ್ಥೆ ಮಾಡಿ ಗೋಡೆಗೆ ಪುಟ್ಟ ದೀಪ ಕೂರಿಸಿದ್ದಾರೆ. ದೋಷವನ್ನು ಸರಿಪಡಿಸಿ, ಆಮೇಲೆ ಅದನ್ನೇ ನೆನಪಿಗೋಸ್ಕರ ನಕಲು ಮಾಡುವುದು! 1927ರ ಅಸಲಿ ಬೋಗಿ ಈಗ ಟೋಕಿಯೊದ ಕಸಾಯಿ ಬಡಾವಣೆಯ ಸುರಂಗ ರೈಲು ವಸ್ತುಸಂಗ್ರಹಾಲಯದಲ್ಲಿದೆ.

ಅತ್ತ 01 ಸರಣಿ 2017ರ ಮಾರ್ಚ್‌ನಲ್ಲಿ ಗಿಂಜಾದಿಂದ ನಿವೃತ್ತವಾಯಿತು. ಅದರ ಕೆಲವು ಬೋಗಿಗಳು ಅದಕ್ಕೂ ಮೊದಲೇ ದಕ್ಷಿಣದ ಕುಮಾಮೊಟೊ ಊರಿನ ಪುಟ್ಟ ಖಾಸಗಿ ರೈಲು ಕಂಪನಿಗೆ ಹೋಗಿದ್ದವು. ಅಲ್ಲಿ ಹಳಿಯ ಅಗಲ ಬೇರೆ, ಹಾಗಾಗಿ ಕೆಳಗಿನ ಚೌಕಟ್ಟನ್ನೇ ಬದಲಿಸಿದರು. ವಿದ್ಯುತ್ ಬರುವುದು ಮೇಲಿನ ತಂತಿಯಿಂದ. ಚಾವಣಿ ತಗಲದಿರಲಿ ಅಂತ ಕುಳ್ಳಗೆ ಕಟ್ಟಿದ್ದ ಆ ರೈಲು, ಈಗ ತಲೆಯ ಮೇಲೆ ಪ್ಯಾಂಟೊಗ್ರಾಫ್ ಹೊತ್ತು ಮನೆಗಳ ನಡುವೆ ಬಿಸಿಲಲ್ಲಿ ಓಡುತ್ತಿದೆ.