ಅಂಗಳದಲ್ಲಿ ಗಣಕಪಾಠ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಯಂಗಳಗಳಲ್ಲಿ ಮುಂಜಾನೆ ಚುಕ್ಕಿ ರಂಗೋಲಿಗಳು ಮೂಡುವುದುಂಟು. ಗಣಕಯಂತ್ರವಿಲ್ಲದ ಮನೆಯ ಮಗುವಿಗೂ ಗಣಕವಿದ್ಯೆಯ ಮೊದಲ ಪಾಠ ಅಲ್ಲಿಯೇ ದೊರೆಯಬಲ್ಲುದು.

ಗಣಕಯಂತ್ರವು ಕೊಟ್ಟ ಆಜ್ಞೆಗಳನ್ನು ಕೊಟ್ಟ ಕ್ರಮದಲ್ಲಿಯೇ ನೆರವೇರಿಸುತ್ತದೆ. ಅಂತಹ ಆಜ್ಞೆಗಳ ಸರಣಿಯೇ ಕ್ರಮವಿಧಿ. “ಸಂದು ಚುಕ್ಕಿ, ಏಳರಿಂದ ಒಂದು” ಎಂಬ ತಾಯಿಯ ಮಾತೂ ಅಂಥದೇ. ನಡುವೆ 7 ಚುಕ್ಕಿಗಳ ಸಾಲು. ಅದರ ಮೇಲೂ ಕೆಳಗೂ, ಹಿಂದಿನ ಸಾಲಿನ ಸಂದುಗಳಿಗೆ ನೇರವಾಗಿ, ಸಾಲಿಗೊಂದು ಚುಕ್ಕಿ ಕಡಿಮೆ. ಒಂದೇ ಉಳಿದಾಗ ನಿಲುಗಡೆ. ಇದರಲ್ಲಿ ಕ್ರಮವಿದೆ, ಪುನರಾವರ್ತನೆಯಿದೆ, ಎಲ್ಲಿ ನಿಲ್ಲಬೇಕೆಂಬ ನಿಯಮವಿದೆ.

ಒಟ್ಟು ಚುಕ್ಕಿಗಳು 49. ಎಣಿಕೆ 48 ಆದರೆ ಎಲ್ಲಿಯೋ ತಪ್ಪಾಗಿದೆಯೆಂದರ್ಥ. ಆಗ ತಾಯಿ ತಾನೇ ತಿದ್ದಬಾರದು. ಮಗುವೇ ಸಾಲುಸಾಲಾಗಿ ಎಣಿಸಿ ತಪ್ಪನ್ನು ಕಂಡುಕೊಳ್ಳಬೇಕು. ಕ್ರಮವಿಧಿ ರಚಿಸುವವರ ನಿತ್ಯದ ಕೆಲಸವೂ ಇದೇ.

ರಂಗೋಲಿಯನ್ನು ತಮಿಳರು ಕೋಲವೆನ್ನುತ್ತಾರೆ. ಅದರ ರಚನೆಯನ್ನು ಗಣಕಶಾಸ್ತ್ರದ ನಿಯಮಗಳಿಂದ ವಿವರಿಸಬಹುದೆಂದು ಮದರಾಸಿನ ವಿದ್ವಾಂಸ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1974ರ ಪ್ರಬಂಧವೊಂದರಲ್ಲಿ ತೋರಿಸಿದರು. ಗಣಕಯಂತ್ರವನ್ನು ಮುಟ್ಟದ ತಾಯಿಯೂ ಈ ವಿದ್ಯೆಯಲ್ಲಿ ಮಗುವಿನ ಮೊದಲ ಗುರುವಾಗಬಲ್ಲಳು.