ಮಗುವಿನ ಮೊದಲ ಮದ್ರಸಾ ನಮ್ಮ ಮನೆ

ಮಗುವನ್ನು ಬೆಳಗ್ಗೆ ಶಾಲೆಗೆ, ಸಂಜೆ ಮದ್ರಸಾಕ್ಕೆ, ಬಳಿಕ ಟ್ಯೂಷನ್‌ಗೆ ಕಳುಹಿಸಿದರೆ ಹೊಣೆ ಮುಗಿಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಆದರೆ ಮಕ್ಕಳು ಅಲ್ಲಾಹನು ಹೆತ್ತವರ ಕೈಗೆ ಒಪ್ಪಿಸಿರುವ ಅಮಾನತ್. ಅದನ್ನು ಕಾಯಲು ಇತರರ ನೆರವು ಪಡೆಯಬಹುದು; ಹೊಣೆಯನ್ನೇ ಅವರಿಗೆ ದಾಟಿಸಲಾಗದು.

ಪವಿತ್ರ ಕುರ್‌ಆನ್‌ನ 31ನೇ ಅಧ್ಯಾಯದಲ್ಲಿ ಲುಕ್ಮಾನ್‌ರು ತಮ್ಮ ಮಗನಿಗೆ ಸ್ವತಃ ಪಾಠ ಹೇಳುತ್ತಾರೆ. ಮೊದಲು ತೌಹೀದ್. ಬಳಿಕ ಸಾಸಿವೆ ಕಾಳಿನಷ್ಟು ಕರ್ಮವೂ ಅಲ್ಲಾಹನಿಂದ ಮರೆಯಾಗದೆಂಬ ಅರಿವು. ಆಮೇಲೆ ನಮಾಝ್, ಸಹನೆ. ಕೊನೆಗೆ ನಡಿಗೆ ಮತ್ತು ಧ್ವನಿ ಹೇಗಿರಬೇಕೆಂಬ ಬುದ್ಧಿಮಾತು. ವಿಶ್ವಾಸ, ಆರಾಧನೆ, ನಡತೆ ಮೂರೂ ಒಟ್ಟಿಗೆ ಬೆಳೆಯುವುದೇ ಸರ್ವಾಂಗೀಣ ಬೆಳವಣಿಗೆ. ಇಲ್ಲಿ ಕಲಿಸುತ್ತಿರುವುದು ತಂದೆ. ತರ್ಬಿಯತ್ ತಾಯಿಯೊಬ್ಬಳ ಕೆಲಸವಲ್ಲ.

ಪ್ರವಾದಿ(ಸ)ರ ಮನೆಯಲ್ಲಿ ಬೆಳೆದ ಉಮರ್ ಬಿನ್ ಅಬೀ ಸಲಮಾ(ರ) ಬಾಲ್ಯದಲ್ಲಿ ಊಟದ ತಟ್ಟೆಯ ತುಂಬ ಕೈಯಾಡಿಸುತ್ತಿದ್ದರು. ಪ್ರವಾದಿ(ಸ)ರು ಅವರಿಗೆ ಕಲಿಸಿದ್ದು ಮೂರೇ ವಿಷಯ: ಅಲ್ಲಾಹನ ಹೆಸರು ಹೇಳುವುದು, ಬಲಗೈಯಿಂದ ಉಣ್ಣುವುದು, ತನ್ನ ಮುಂದಿರುವುದನ್ನು ತಿನ್ನುವುದು. ಅಂದಿನಿಂದ ಹಾಗೆಯೇ ಉಂಡೆನೆಂದು ಅವರೇ ತಿಳಿಸಿದ್ದಾರೆ. ಪಾಠ ಚಿಕ್ಕದಿತ್ತು, ಸಂದರ್ಭಕ್ಕೆ ಸರಿಯಾಗಿತ್ತು, ಆದ್ದರಿಂದ ಉಳಿಯಿತು. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ರ ಹಕ್ಕಿ ಸತ್ತಾಗ ಪ್ರವಾದಿ(ಸ)ರು ಅದರ ಬಗ್ಗೆ ವಿಚಾರಿಸಿ ಮಾತನಾಡಿಸಿದರು. ಮಗುವಿನ ದುಃಖ ಅವರಿಗೆ ಸಣ್ಣದಾಗಿರಲಿಲ್ಲ. ಕಲಿಕೆಯ ನಂತರ ಆಟ ಬೇಕು, ಆಟ ತಡೆದರೆ ಮಗುವಿನ ಮನಸ್ಸು ಬಾಡುತ್ತದೆಂದು ಇಮಾಮ್ ಗಝ್ಝಾಲಿ ಎಚ್ಚರಿಸಿದ್ದಾರೆ.

ಹಾಗೆಂದು ಮನೆಯಲ್ಲಿ ಕರಿಹಲಗೆ ತೂಗುಹಾಕಿ ಇನ್ನೊಂದು ಶಾಲೆ ತೆರೆಯಬೇಕಿಲ್ಲ. ವುಝೂ ಮಾಡುವಾಗ ನೀರಿನ ಮಿತಬಳಕೆ, ತರಕಾರಿ ಎಣಿಸುವಾಗ ಲೆಕ್ಕ, ನೆರೆಮನೆಗೆ ತಿಂಡಿ ಒಯ್ಯುವಾಗ ನೆರೆಯವರ ಹಕ್ಕು, ಗಿಡಕ್ಕೆ ನೀರೆರೆಯುವಾಗ ಅಲ್ಲಾಹನ ಸೃಷ್ಟಿಯ ಪರಿಚಯ ಕಲಿಸಬಹುದು. ರಾತ್ರಿ ಪ್ರವಾದಿಗಳ ಕಥೆ ಹೇಳಿ, ಮರುದಿನ ಅದನ್ನು ಮಗುವಿನ ಬಾಯಿಂದಲೇ ಕೇಳೋಣ. ಮನೆಮಾತಿನಲ್ಲಿ ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ಅಝಾನ್ ಕೇಳಿದ ಮೇಲೂ ನಮ್ಮ ಕೈಯಲ್ಲಿ ಮೊಬೈಲ್ ಇದ್ದರೆ ಮಗು ಕಲಿಯುವುದು ಮೊಬೈಲನ್ನೇ, ನಮಾಝನ್ನಲ್ಲ.

ಇದು ಶಾಲೆ ಬಿಡಿಸುವ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ನೀಡಿದೆ; ಹೆಣ್ಣುಮಕ್ಕಳೂ ಸೇರಿ ಎಲ್ಲರಿಗೂ ಅದನ್ನು ಕೊಡಿಸೋಣ. ಅದಕ್ಕೂ ಮುಂಚಿನ ವರ್ಷಗಳು ಮಾತ್ರ ಹೆಚ್ಚಾಗಿ ನಮ್ಮ ಮಡಿಲಿನವು. ಅವು ಮರಳಿ ಬರುವುದಿಲ್ಲ.

ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ಆಮೀನ್.